ಮೆಸ್ಸಿ ಪ್ರತಿಮೆ ಚಂದ್ರಗಿರಿ ಹೊಳೆಯಲ್ಲಿ ಇಲ್ಲ: ಸ್ಪಷ್ಟನೆ

‘ಕಾಸರಗೋಡಿನ ಚಂದ್ರಗಿರಿ ಹೊಳೆಯ ನಡುವೆ ಸರ್ಕಾರಿ ಹಣದಲ್ಲಿ ಮೆಸ್ಸಿ, ನೇಮರ್, ರೊನಾಲ್ಡೊ ಪ್ರತಿಮೆ’ ಎಂಬ ಚಿತ್ರಸಹಿತ ಸಂದೇಶವನ್ನು ಮೊನ್ನೆ ನಾನೂ ಎರಡು ಗುಂಪುಗಳಿಗೆ ಕಳುಹಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಚಿತ್ರ ನಿಜವಾದದ್ದೇ. ಆದರೆ ಊರು ಕೋಳಿಕ್ಕೋಡ್ ಜಿಲ್ಲೆಯ ಪುಳ್ಳಾವೂರು, ಕಾಲ 2022ರ ಫುಟ್‌ಬಾಲ್ ವಿಶ್ವಕಪ್. ಅವು ಪ್ರತಿಮೆಗಳೂ ಅಲ್ಲ, ಅಭಿಮಾನಿಗಳು ತಾವೇ ನಿಲ್ಲಿಸಿದ ಕಟೌಟ್‌ಗಳು. ಮೆಸ್ಸಿಯದು ಸುಮಾರು 30 ಅಡಿ, ನೇಮರ್‌ನದು 40 ಅಡಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಕೂಡ ಆ ನವೆಂಬರ್‌ನಲ್ಲಿ ಚಿತ್ರವನ್ನು ಹಂಚಿಕೊಂಡಿತ್ತು. ಅಂದಿನ ಪತ್ರಿಕೆಗಳಲ್ಲೂ ಸುದ್ದಿಯಿದೆ. ಚಂದ್ರಗಿರಿಯ ಅಗಲ ಬಲ್ಲ ನಾನು ಆ ಕಿರುಹೊಳೆಯನ್ನು ನೋಡಿದಾಗಲೇ ಅನುಮಾನಿಸಬೇಕಿತ್ತು.

ನಿಜವಾದ ಪ್ರತಿಮೆ ಬೇಕಾದವರು ಕೋಲ್ಕತ್ತಕ್ಕೆ ಹೋಗಬೇಕು. ಅಲ್ಲಿ ಹಿಂದಿನ ಕಾಲದ ಫುಟ್‌ಬಾಲ್ ಆಟಗಾರ ಗೋಷ್ಠ ಪಾಲ್ ಅವರ ಪ್ರತಿಮೆಯಿದೆ. ತನ್ನದೇ ಪ್ರತಿಮೆಯನ್ನು ಮರಡೋನಾ 2017ರಲ್ಲಿ ಅಲ್ಲೇ ಅನಾವರಣಗೊಳಿಸಿದರು. ನಮ್ಮಲ್ಲಿ ಬೇಕೇ ಎಂಬುದು ಬೇರೆ ಚರ್ಚೆ. ನನ್ನನ್ನು ಕೇಳಿದರೆ, ಭಾರತ ಫುಟ್‌ಬಾಲ್ ತಂಡಕ್ಕೆ ಆಡಿದ, ಕಾಸರಗೋಡು ಜಿಲ್ಲೆಯದೇ ತೃಕ್ಕರಿಪುರದ ಮಹಮ್ಮದ್ ರಾಫಿಯವರ ಹೆಸರು ಮೊದಲು ಬರಬೇಕು.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ನನ್ನಿಂದ ಪಡೆದವರು ಅಳಿಸಿಬಿಡಿ.