ಕೈ ತೊಳೆದ ನೀರಿನ ಮಕ್ಕಳು

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಹಾಕಿಕೊಂಡು ಆಡುವ ರೋಲ್‌ಪ್ಲೇಯಿಂಗ್ ಆಟಕ್ಕೆ ಅಂತ ಒಂದು ಲೋಕ ಕಟ್ಟಲು ಕೂತವರಿಗೆ ನಕ್ಷೆ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಬೆಟ್ಟದ ಸಾಲು ಎಳೆದರೆ ನದಿ ತಾನಾಗಿಯೇ ಇಳಿಯುತ್ತದೆ, ನದಿ ಸಮುದ್ರ ಸೇರುವಲ್ಲಿ ಒಂದು ಬಂದರು, ಮೂಲೆಯಲ್ಲಿ ಜಾಗ ಉಳಿದರೆ ಅಲ್ಲೊಂದು ಯಾರೂ ಹೋಗಬಾರದ ಕಾಡು. ಹೆಸರುಗಳನ್ನೂ ಹೇಗೋ ಹೊಂದಿಸಬಹುದು. ಕೈ ನಿಲ್ಲುವುದು ಆಮೇಲೆ. ಈ ಜವುಗಿನಲ್ಲಿ ಒಂದು ಜನಾಂಗ ಇದೆ ಅಂದುಬಿಟ್ಟಿದ್ದೇವೆ. ಸರಿ, ಇವರು ಬಂದದ್ದು ಎಲ್ಲಿಂದ?

ಆಗ ಹೆಚ್ಚಿನವರು ಹೊಸ ಫೈಲ್ ತೆರೆದು 'ಆದಿಯಲ್ಲಿ ಕತ್ತಲೆ ಇತ್ತು' ಅಂತ ಶುರು ಮಾಡುತ್ತಾರೆ. ಯಾಕೋ ಏನೋ, ಎಲ್ಲ ಲೋಕಗಳ ಆದಿಯಲ್ಲೂ ಕತ್ತಲೆಯೇ ಇರುತ್ತದೆ. ಕತ್ತಲೆಯಲ್ಲಿ ಒಂದು ಬೆಳಕು, ಬೆಳಕಿನಿಂದ ಇಬ್ಬರು ದೇವರು, ಇಬ್ಬರಿಗೂ ಜಗಳ, ಬಿದ್ದ ಕಣ್ಣೀರಿನಿಂದ ಒಂದು ಜನ, ಸುರಿದ ರಕ್ತದಿಂದ ಇನ್ನೊಂದು ಜನ. ಹೀಗೆ ಹತ್ತು ಪುಟ. ಆಟಗಾರರಿಗೆ ಕಳಿಸಿದರೆ 'ಸೂಪರ್' ಅಂತ ಉತ್ತರ ಬರುತ್ತದೆ, ಓದಿರುವುದಿಲ್ಲ. ಅವರನ್ನು ಬೈದು ಪ್ರಯೋಜನವೂ ಇಲ್ಲ. ಆ ಜನಾಂಗದ ಪಾತ್ರ ಹಾಕಿಕೊಂಡು ಮೇಜಿನ ಮುಂದೆ ಕೂತಾಗ ಅವರಿಗೆ ಬೇಕಿರುವುದು ಬಾಯಿಗೆ ಬರುವ ಒಂದು ಮಾತು, ಸುಮ್ನೆ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣ. ಹತ್ತು ಪುಟದ ಪುರಾಣದಲ್ಲಿ ಅದು ಎಲ್ಲೋ ಏಳನೇ ಪುಟದಲ್ಲಿ ಹೂತುಹೋಗಿರುತ್ತದೆ.

ಒಂದು ಜನಾಂಗ ಹೇಗೆ ಹುಟ್ಟಿತು ಅನ್ನುವುದು ನಿಜವಾಗಿ ಯಾರಿಗೂ ಬೇಕಿಲ್ಲ ಅಂತ ನನ್ನ ಲೆಕ್ಕ. ಹುಟ್ಟುವಾಗ ಅವರಿಗೆ ಏನು ಅನ್ಯಾಯವಾಯಿತು, ಆ ಮುನಿಸು ಇವತ್ತಿಗೂ ಎಲ್ಲಿ ಉಳಿದಿದೆ, ಬೇಕಿರುವುದು ಇದು. ಮುನಿಸು ಸಿಕ್ಕಿತೋ, ದೇವರು, ಬೆಳಕು, ಕತ್ತಲೆ ಎಲ್ಲ ಅದರ ಹಿಂದೆ ತಾವಾಗಿಯೇ ಬರುತ್ತವೆ.

ಕದ್ರು-ವಿನತೆಯರ ಕಥೆ ನೋಡಿ. ಇಬ್ಬರೂ ಅಕ್ಕತಂಗಿಯರು, ಇಬ್ಬರಿಗೂ ಗಂಡ ಕಶ್ಯಪನೇ. ಒಬ್ಬಳ ಮಕ್ಕಳು ಹಾವುಗಳು, ಇನ್ನೊಬ್ಬಳ ಮಗ ಗರುಡ. ಉಚ್ಚೈಶ್ರವಸ್ಸು ಅನ್ನುವ ದೇವಲೋಕದ ಕುದುರೆಯ ಬಾಲ ಕಪ್ಪೋ ಬಿಳಿಯೋ ಅಂತ ಇಬ್ಬರೂ ಪಂತ ಕಟ್ಟುತ್ತಾರೆ, ಸೋತವಳು ಗೆದ್ದವಳ ದಾಸಿಯಾಗಬೇಕು. ಕದ್ರು ಮಕ್ಕಳನ್ನು ಕರೆದು ಹೋಗಿ ಬಾಲಕ್ಕೆ ಕಪ್ಪು ಕೂದಲಾಗಿ ಅಂಟಿಕೊಳ್ಳಿ ಅನ್ನುತ್ತಾಳೆ. ಒಪ್ಪದ ಮಕ್ಕಳಿಗೆ ಬೆಂಕಿಯಲ್ಲಿ ಬಿದ್ದು ಸಾಯಿರಿ ಅಂತ ಶಾಪ. ಹೆತ್ತ ತಾಯಿ! ಆಮೇಲೆ ಅಮ್ಮನನ್ನು ಬಿಡಿಸಿಕೊಳ್ಳಲು ಗರುಡ ಅಮೃತ ತಂದು ದರ್ಭೆಯ ಮೇಲೆ ಇಡುತ್ತಾನೆ. ಹಾವುಗಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಇಂದ್ರ ಅದನ್ನು ಹೊತ್ತುಕೊಂಡು ಹೋಗಿಯಾಗಿರುತ್ತದೆ. ಪಾಪ, ಒಂದು ಹನಿಯಾದರೂ ಬಿದ್ದಿರಬಹುದು ಅಂತ ಅವು ಬರೀ ದರ್ಭೆಯನ್ನು ನೆಕ್ಕುತ್ತವೆ. ದರ್ಭೆ ಚೂಪು. ನಾಲಿಗೆ ಸೀಳಿ ಎರಡಾಗುತ್ತದೆ.

ಇಷ್ಟು ಸಣ್ಣ ಕಥೆ ಎಷ್ಟು ಕೆಲಸ ಮಾಡಿದೆ ನೋಡಿ. ಸೀಳು ನಾಲಿಗೆಗೆ ಕಾರಣ ಸಿಕ್ಕಿತು, ಹದ್ದಿನ ಮೇಲಿನ ಹಗೆಗೆ ಕಾರಣ ಸಿಕ್ಕಿತು, ಬೆಂಕಿ ಕಂಡರೆ ಭಯ ಯಾಕೆ ಅನ್ನುವುದೂ ಗೊತ್ತಾಯಿತು. ನಿಮ್ಮ ಆಟದಲ್ಲಿ ಯಾರಾದರೂ ನಾಗರ ಪಾತ್ರ ಹಾಕಿದರೆ ಅವರಿಗೆ ಬೇರೇನೂ ಹೇಳಿಕೊಡಬೇಕಿಲ್ಲ. 'ನೀವು ಸ್ನಾನ ಮಾಡಿ ಬನ್ನಿ, ಅಲ್ಲಿವರೆಗೆ ಇದನ್ನು ನಾನು ನೋಡಿಕೊಳ್ಳುತ್ತೇನೆ' ಅಂತ ಯಾರು ಅಂದರೂ ಆ ಪಾತ್ರಕ್ಕೆ ಮೈ ಉರಿಯಬೇಕು.

'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್‌ಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಅವರು ತೀರಿಕೊಂಡ ಮೇಲೆ 1977ರಲ್ಲಿ ಬಂದ 'ದಿ ಸಿಲ್ಮರಿಲಿಯನ್'ನಲ್ಲಿ ಡ್ವಾರ್ಫ್‌ಗಳ, ಅಂದರೆ ಬೆಟ್ಟದೊಳಗೆ ಬದುಕುವ ಗಿಡ್ಡ ಜನರ, ಹುಟ್ಟಿನ ಕಥೆ ಇದೆ. ಔಲೆ ಅನ್ನುವ ಕಮ್ಮಾರ ದೇವತೆಗೆ ಕಲಿಸಲು ಶಿಷ್ಯರು ಬೇಕು, ಎಲ್ಫ್‌ಗಳು ಅನ್ನುವ ಇನ್ನೊಂದು ಜನ ಲೋಕದಲ್ಲಿ ಕಣ್ಣು ಬಿಟ್ಟು ಏಳುವವರೆಗೆ ಕಾಯುವ ತಾಳ್ಮೆ ಇಲ್ಲ. ಬೆಟ್ಟದ ಕೆಳಗೆ ಕದ್ದುಮುಚ್ಚಿ ಏಳು ಜನ ಡ್ವಾರ್ಫ್ ಹಿರಿಯರನ್ನು ಮಾಡಿಬಿಡುತ್ತಾನೆ. ಎಲ್ಲರಿಗೂ ಮೇಲಿನ ಇಲೂವತಾರ್ ಕೈಗೆ ಸಿಕ್ಕಿಬಿದ್ದಾಗ ನಾಚಿಕೆಯಿಂದ ಅವರನ್ನು ಪುಡಿ ಮಾಡಲು ಸುತ್ತಿಗೆ ಎತ್ತುತ್ತಾನೆ. ಅವರು ಹೆದರಿ ಮುದುರಿಕೊಳ್ಳುತ್ತಾರೆ. ಹೆದರುತ್ತಾರೆ ಅಂದರೆ ಜೀವ ಇದೆ ಅಂತಲೇ ಅರ್ಥ, ಹಾಗಾಗಿ ಉಳಿಯುತ್ತಾರೆ. ಆದರೆ ಎಲ್ಫ್‌ಗಳೇ ಮೊದಲು ಏಳಬೇಕು ಅಂತ ಇವರನ್ನು ಮಲಗಿಸಿಬಿಡುತ್ತಾರೆ. ಮೊದಲು ಮಾಡಿದ್ದು ಇವರನ್ನು, ಹಿರಿತನ ಮಾತ್ರ ಬೇರೆಯವರಿಗೆ. ಮುನಿಸಿಗೆ ಇನ್ನೇನು ಬೇಕು? ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಔಲೆಯ ಹೆಂಡತಿ ಯವಾನಾ ಗಿಡಮರಗಳ ದೇವತೆ. ಗಂಡನ ಹೊಸ ಮಕ್ಕಳು ಕೊಡಲಿ ಹಿಡಿದು ಬರುತ್ತಾರೆ ಅಂತ ಅವಳಿಗೆ ಚಿಂತೆ ಹತ್ತಿ, ಮರಗಳಿಗೂ ಕಾವಲುಗಾರರು ಬೇಕು ಅಂತ ಹಠ ಹಿಡಿದು, ಕೊನೆಗೆ ಎಂಟ್‌ಗಳು ಅನ್ನುವ, ಮರದ ಹಾಗೇ ಕಾಣುವ ನಡೆದಾಡುವ ಜನ ಬರುತ್ತಾರೆ. ಗಂಡ ಹೆಂಡತಿ ಮಧ್ಯೆ ಮಾತಿಗೆ ಮಾತು ಬೆಳೆದು ಇನ್ನೊಂದು ಜನಾಂಗ!

ಇದೇ ಡ್ವಾರ್ಫ್‌ಗಳ ಬಗ್ಗೆ ಉತ್ತರ ಯುರೋಪಿನ ಹಳೆಯ ನಾರ್ಸ್ ಕಥೆ ಏನು ಹೇಳುತ್ತದೆ ಗೊತ್ತಾ? ಸತ್ತ ದೈತ್ಯ ಯಿಮಿರ್‌ನ ಮಾಂಸದಲ್ಲಿ ಹುಳುಗಳಾಗಿ ಹುಟ್ಟಿದರಂತೆ, ದೇವರುಗಳು ಆಮೇಲೆ ಬುದ್ಧಿ ಕೊಟ್ಟರಂತೆ. ಇದನ್ನು ಹೇಳಿದವರು ಡ್ವಾರ್ಫ್‌ಗಳಲ್ಲ ಅಂತ ಕೇಳಿದ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಚೀನಾದ ನೂವಾ ದೇವಿಯ ಕಥೆಯೂ ಹಾಗೇ. ಅವಳು ಹಳದಿ ಮಣ್ಣಿನಲ್ಲಿ ಒಬ್ಬೊಬ್ಬರನ್ನೇ ಕೈಯಾರೆ ಮಾಡಿದಳು, ಸುಸ್ತಾಯಿತು, ಒಂದು ಹಗ್ಗವನ್ನು ಕೆಸರಲ್ಲಿ ಅದ್ದಿ ಝಾಡಿಸಿದಳು. ಕೈಯಾರೆ ಮಾಡಿದವರು ಶ್ರೀಮಂತರಾದರು, ಹಗ್ಗದಿಂದ ಸಿಡಿದವರು ಬಡವರಾದರು. ಈ ಕಥೆ ಯಾರ ಮನೆಯಲ್ಲಿ ಹುಟ್ಟಿರಬೇಕು ಅಂತ ಊಹಿಸಲು ದೊಡ್ಡ ಸಂಶೋಧನೆ ಬೇಡ.

ಹಾಗಾಗಿ ಕಥೆ ಕಟ್ಟುವವರು ಒಂದು ಜನಾಂಗಕ್ಕೆ ಒಂದೇ ಕಥೆ ಬರೆದು ಕೈ ಬಿಡಬಾರದು ಅನ್ನುತ್ತೇನೆ. ಅವರು ತಮ್ಮ ಬಗ್ಗೆ ಹೇಳಿಕೊಳ್ಳುವುದು ಒಂದು, ಪಕ್ಕದವರು ಅವರ ಬಗ್ಗೆ ಹೇಳುವುದು ಇನ್ನೊಂದು. ಇದನ್ನು ಮಾಡದೆ ಕೆಟ್ಟ ದೇವರು ಮಾಡಿದ ಕೆಟ್ಟ ಜನ ಅಂತ ಬರೆದು ಮುಗಿಸಿದರೆ ಆಟ ಅಲ್ಲೇ ಸತ್ತ ಹಾಗೆ. ಟೋಲ್ಕಿನ್‌ಗೇ ತಮ್ಮ ಕಥೆಯ ಕ್ರೂರ ಸೈನಿಕ ಜನಾಂಗವಾದ ಆರ್ಕ್‌ಗಳ ಮೂಲ ಕೊನೆವರೆಗೂ ಬಗೆಹರಿಯಲಿಲ್ಲ, ಒಮ್ಮೆ ಕೆಡಿಸಿದ ಎಲ್ಫ್‌ಗಳು ಅಂತ ಬರೆದರು, ಮತ್ತೊಮ್ಮೆ ಬೇರೆ ಥರ ಯೋಚಿಸಿದರು. ಗೈಗ್ಯಾಕ್ಸ್ ಮತ್ತು ಆರ್ನೆಸನ್ 1974ರಲ್ಲಿ ತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟಕ್ಕೂ ಇದೇ ಆರ್ಕ್‌ಗಳು ಬಂದರು, ಬಹಳ ಕಾಲ ಹುಟ್ಟಾ ಕೆಟ್ಟವರಾಗಿಯೇ ಇದ್ದರು. 2024ರ ಆಟಗಾರರ ಕೈಪಿಡಿಯಲ್ಲಿ 'ರೇಸ್' (ಜನಾಂಗ) ಅನ್ನುವ ಪದವನ್ನೇ ತೆಗೆದು 'ಸ್ಪೀಶೀಸ್' (ಜೀವಿಗಳ ಪ್ರಭೇದ) ಮಾಡಿದ್ದಾರೆ. ಪದ ಬದಲಾದದ್ದು ಒಳ್ಳೆಯದೇ. ಆದರೆ ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಆ ಆಟದ್ದೇ ಒಂದು ಹಳೆಯ ಕಥೆ. ದೇವರುಗಳೆಲ್ಲ ಕೂತು ಚೀಟಿ ಎತ್ತಿ ಭೂಮಿ ಹಂಚಿಕೊಳ್ಳುತ್ತಾರೆ. ಡ್ವಾರ್ಫ್‌ಗಳಿಗೆ ಬೆಟ್ಟ, ಎಲ್ಫ್‌ಗಳಿಗೆ ಕಾಡು. ಆರ್ಕ್‌ಗಳ ದೇವರು ಗ್ರೂಮ್ಶ್ ಸರದಿ ಬಂದಾಗ ಏನೂ ಉಳಿದಿಲ್ಲ, ಉಳಿದ ದೇವರು ನಗುತ್ತಾರೆ. ಅವನು ಈಟಿಯಿಂದ ಬೆಟ್ಟ ಸೀಳಿ, ಹಾಗಾದರೆ ನನ್ನ ಮಕ್ಕಳು ಎಲ್ಲವನ್ನೂ ಕಿತ್ತುಕೊಳ್ಳುತ್ತಾರೆ ಅನ್ನುತ್ತಾನೆ. ಈಗ ಆರ್ಕ್ ಹಳ್ಳಿ ಸುಡಲು ಬಂದರೆ ಅವನ ಬಾಯಲ್ಲೂ ಒಂದು ನ್ಯಾಯದ ಮಾತು ಇರುತ್ತದೆ. ಚೀಟಿ ಎತ್ತುವಾಗ ಮೋಸ ಮಾಡಿದ್ದು ಯಾರು ಅಂತ ಅವನು ಕೇಳಬಹುದು.

ಇನ್ನೊಂದು ಮಾತು. ಕಾರಣ ಸಣ್ಣದಿದ್ದಷ್ಟೂ ಕಥೆ ಚೆನ್ನ. ಮೆಸೊಪೊಟೇಮಿಯಾದಲ್ಲಿ ಸಿಕ್ಕ 3,600 ವರ್ಷಗಳಷ್ಟು ಹಳೆಯ ಮಣ್ಣಿನ ಫಲಕಗಳಲ್ಲಿ ಮನುಷ್ಯ ಹುಟ್ಟಿದ್ದು ಯಾಕೆ ಅಂದರೆ ಸಣ್ಣ ದೇವರುಗಳಿಗೆ ಕಾಲುವೆ ತೋಡಿ ತೋಡಿ ಸಾಕಾಗಿತ್ತು. ಸಲಕರಣೆಗಳಿಗೆ ಬೆಂಕಿ ಇಟ್ಟು, ಯಜಮಾನ ಎನ್ಲಿಲ್‌ನ ಮನೆಗೆ ಮುತ್ತಿಗೆ ಹಾಕಿದರು. ಶುದ್ಧ ಮುಷ್ಕರ. ಕೆಲಸ ಮಾಡಲು ಬೇರೆ ಯಾರನ್ನಾದರೂ ಮಾಡೋಣ ಅಂತ ಒಬ್ಬ ದೇವರನ್ನು ಕೊಂದು, ಅವನ ರಕ್ತ ಮಾಂಸವನ್ನು ಮಣ್ಣಿಗೆ ಕಲಸಿ ನಮ್ಮನ್ನು ಮಾಡಿದರು. ಆಮೇಲೆ ನಮ್ಮ ಗಲಾಟೆಗೆ ಎನ್ಲಿಲ್‌ಗೆ ನಿದ್ದೆ ಬರಲಿಲ್ಲ, ಪ್ರವಾಹ ಕಳಿಸಿದ. ಕತ್ತಲೆ-ಬೆಳಕಿನ ಮಹಾಯುದ್ಧ ಎಲ್ಲ ಯಾವ ಲೆಕ್ಕ?

ನನ್ನ ನಕ್ಷೆಯ ಜವುಗಿನ ಜನಕ್ಕೆ ಬರೋಣ. ಜವುಗರು ಅಂತ ಹೆಸರಿಟ್ಟೆ. ಕಥೆಗಿಂತ ಮೊದಲು ಮೈ ಬೇಕಿತ್ತು, ಹಾಗಾಗಿ ಬೆರಳಿನಿಂದ ಶುರು ಮಾಡಿದೆ. ಅವರ ಬೆರಳ ತುದಿ ಯಾವಾಗಲೂ ಸುಕ್ಕು, ತುಂಬಾ ಹೊತ್ತು ನೀರಲ್ಲಿ ಕೈ ಇಟ್ಟವರದು ಇರುತ್ತದಲ್ಲ, ಹಾಗೆ. ಕೂಸಿಗೂ ಸುಕ್ಕು, ಬಿಸಿಲಲ್ಲಿ ಕೂತರೂ ಸುಕ್ಕು. ಇನ್ನು ಒಬ್ಬೊಬ್ಬರದು ಒಂದೊಂದು ಥರದ ಮುಖ. ಒಂದೇ ಮನೆಯಲ್ಲಿ ಅಣ್ಣನಿಗೆ ಎಲ್ಫ್‌ನ ಚೂಪು ಕಿವಿ, ತಂಗಿಗೆ ಡ್ವಾರ್ಫ್‌ನ ಗಿಡ್ಡ ಕಾಲು. ಯಾಕೆ ಹೀಗೆ?

ಪಕ್ಕದವರ ಕಥೆ ಮೊದಲು ಸಿಕ್ಕಿತು, ಅವಮಾನ ಯಾವಾಗಲೂ ಬೇಗ ಹೊಳೆಯುತ್ತದೆ. ದೇವರು ಎಲ್ಲ ಜನಾಂಗಗಳನ್ನೂ ಮಣ್ಣಿನಲ್ಲಿ ಮಾಡಿ ಮುಗಿಸಿದ, ಕೈಗೆ ಅಂಟಿದ ಮಣ್ಣು ತೊಳೆದುಕೊಂಡ, ಆ ನೀರು ತಗ್ಗಿಗೆ ಹರಿದು ನಿಂತಿತು, ಅದರಲ್ಲಿ ಎದ್ದವರು ಇವರು. ಅಷ್ಟೇ. ಯಾರೂ ಮಾಡಿದ್ದಲ್ಲ, ಆಗಿಹೋದದ್ದು. ಪೇಟೆಯವರು ಅವರನ್ನು ಮುಸುರೆಯವರು ಅಂತ ಕರೆಯುತ್ತಾರೆ, ಎದುರಿಗಲ್ಲ, ಹಿಂದಿನಿಂದ.

ಜವುಗರು ಕಥೆಯನ್ನು ಅಲ್ಲಗಳೆಯುವುದಿಲ್ಲ, ತಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುತ್ತಾರೆ. ಹೌದು, ಕೈ ತೊಳೆದ ನೀರೇ. ಆ ಕೈಯಲ್ಲಿ ಎಲ್ಲರ ಮಣ್ಣೂ ಇತ್ತು ತಾನೇ? ಹಾಗಾದರೆ ನಾವು ಎಲ್ಲರ ನೆಂಟರು. ಅದಕ್ಕೇ ಯಾರ ಮದುವೆ ನಡೆದರೂ ಕರೆಯದೆ ಬಂದು ಮೊದಲ ಸಾಲಲ್ಲಿ ಕೂರುತ್ತಾರೆ, ಎಲ್ಫ್ ರಾಣಿಯನ್ನು 'ಅತ್ತೆ' ಅಂತ ಕರೆಯುತ್ತಾರೆ, ಆಸ್ತಿ ಹಂಚಿಕೆಯಲ್ಲಿ ಪಾಲು ಕೇಳುತ್ತಾರೆ. ತಮಾಷೆಗಲ್ಲ, ಗಂಭೀರವಾಗಿ. ಕೈ ತೊಳೆದ ನೀರನ್ನು ಅವರು ಚೆಲ್ಲುವುದೇ ಇಲ್ಲ. ಗಡಿಗೆಯಲ್ಲಿ ಹಿಡಿದಿಟ್ಟು ಜವುಗಿಗೆ ಒಯ್ದು ಸುರಿಯುತ್ತಾರೆ, ಅದರಲ್ಲಿ ಯಾರ ಕೂಸು ಇದೆಯೋ ಯಾರಿಗೆ ಗೊತ್ತು.

ಇಷ್ಟೇ ಆಗಿದ್ದರೆ ನಗಿಸುವ ಕಥೆ ಆಗುತ್ತಿತ್ತು, ಮುನಿಸು ಎಲ್ಲಿ? ಅದಕ್ಕೆ ಮೂರನೆಯದೊಂದು ಬೇಕಾಯಿತು. ಇದನ್ನು ಜವುಗರ ಹಿರಿಯರು ಬೇರೆಯವರ ಮುಂದೆ ಹೇಳುವುದಿಲ್ಲ. ಕೆಲಸ ಮುಗಿದಾಗ ಮಾತ್ರ ಕೈ ತೊಳೆಯುತ್ತಾರೆ ಅಂತ ಯಾರು ಹೇಳಿದ್ದು? ಶುರು ಮಾಡುವ ಮೊದಲೂ ತೊಳೆಯುತ್ತಾರೆ. ದೇವರು ಉಳಿದವರನ್ನೆಲ್ಲ ಕೊಳಕು ಕೈಯಲ್ಲೇ ಮಾಡಿದ. ನಮ್ಮನ್ನು ಮಾಡಬೇಕು ಅಂದಾಗ ಮಾತ್ರ ಎದ್ದು ಹೋಗಿ ಕೈ ತೊಳೆದ. ಅಷ್ಟರಲ್ಲಿ ಯಾರೋ ಕರೆದರು, ಹೋದ, ಇನ್ನೂ ಬಂದಿಲ್ಲ. ಈಗ ಇರುವ ನಾವು ನಾವಲ್ಲ, ನಿಜವಾದ ಜವುಗರು ಇನ್ನೂ ಆಗಬೇಕು.

ಇದು ಬಂದ ಮೇಲೆ ಉಳಿದ ವಿವರಗಳನ್ನು ನಾನು ಹುಡುಕಬೇಕಾಗಲಿಲ್ಲ. ಪ್ರತಿ ಮನೆಯ ಬಾಗಿಲಲ್ಲೂ ಒಂದು ಒಣ ಬಟ್ಟೆ ನೇತಾಡುತ್ತಿರುತ್ತದೆ, ದೇವರು ವಾಪಸ್ ಬಂದಾಗ ಕೈ ಒರೆಸಿಕೊಳ್ಳಲು. ಜವುಗಿನಲ್ಲಿ ಯಾವುದೂ ಒಣಗುವುದಿಲ್ಲ, ಹಾಗಾಗಿ ಬಟ್ಟೆ ಒಣಗಿಸುವುದೇ ಮನೆಯವರಿಗೆ ದಿನವಿಡೀ ಕೆಲಸ, ಒಲೆಯ ಹತ್ತಿರದ ಒಳ್ಳೆ ಜಾಗ ಅದಕ್ಕೇ ಮೀಸಲು, ಮಳೆಗಾಲದಲ್ಲಿ ಮಕ್ಕಳು ಸರದಿ ಮೇಲೆ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಮಲಗುತ್ತಾರೆ. ಬಾಗಿಲ ಬಟ್ಟೆ ಒದ್ದೆ ಇರುವ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಬಟ್ಟೆ ಕದ್ದವನಿಗೆ ಗಡೀಪಾರು.

ಆಟಗಾರರಿಗೆ ಇದಿಷ್ಟನ್ನೂ ನಾನು ಬರೆದು ಕಳಿಸಲಿಲ್ಲ. ಊರಿಗೆ ಕಾಲಿಟ್ಟಾಗ ಬಾಗಿಲುಗಳಲ್ಲಿ ಬಟ್ಟೆ ಕಾಣುತ್ತದೆ ಅಂತಷ್ಟೇ ಹೇಳಿದೆ. ಕಳ್ಳನ ಪಾತ್ರ ಹಾಕಿದವನು ಮಳೆಗೆ ನೆನೆದು ಬಂದಿದ್ದ, ಮೊದಲ ಮನೆಯ ಬಟ್ಟೆ ಎಳೆದು ತಲೆ ಒರೆಸಿಕೊಂಡುಬಿಟ್ಟ. ದಾಳ ಕೂಡ ಹಾಕಲಿಲ್ಲ, ಅಷ್ಟು ಸಲೀಸಾಗಿ. ಆಮೇಲೆ ಊರಿಗೆ ಊರೇ ಸೇರಿತು, ಪಂಚಾಯಿತಿ ಆಯಿತು, ತಪ್ಪೊಪ್ಪಿಕೊಂಡು ಬಚಾವಾಗಲು ಮೂರನೇ ಕಥೆಯನ್ನು ಕೇಳಿಸಿಕೊಳ್ಳಲೇಬೇಕಾಯಿತು. ಹೊರಗಿನವರೊಬ್ಬರು ಅದನ್ನು ಕೇಳಿದ್ದು ಅದೇ ಮೊದಲು. ಫೈಲ್ ಕಳಿಸಿದ್ದರೆ ಯಾರೂ ಓದುತ್ತಿರಲಿಲ್ಲ, ಈಗ ಎಲ್ಲರೂ ಬಾಯಿ ಮುಚ್ಚಿಕೊಂಡು ಕೇಳಿದರು.

ಕೇಳಿ ಮುಗಿದ ಮೇಲೆ ಜವುಗ ಹುಡುಗಿಯ ಪಾತ್ರ ಹಾಕಿದವಳು ಒಂದು ಪ್ರಶ್ನೆ ಎತ್ತಿದಳು. ಸರಿ, ಆವತ್ತು ದೇವರನ್ನು ಕರೆದದ್ದು ಯಾರು? ನಾನು ಅದನ್ನು ಯೋಚಿಸಿರಲಿಲ್ಲ, ಯೋಚಿಸಿದ್ದೇನೆ ಅನ್ನುವ ಮುಖ ಮಾಡಿಕೊಂಡು ಸುಮ್ಮನೆ ಕೂತೆ. ಎಲ್ಲರೂ ನಿಧಾನಕ್ಕೆ ಎಲ್ಫ್ ಆಡುವವನ ಕಡೆ ತಿರುಗಿದರು. ಅವನು ಕ್ಯಾರೆಕ್ಟರ್ ಶೀಟ್‌ನಿಂದ ತಲೆ ಎತ್ತದೆ, 'ನಮ್ಮನ್ನು ಯಾಕೆ ನೋಡ್ತೀರಾ, ನಾವು ಆಗ ಇನ್ನೂ ಹುಟ್ಟೇ ಇರಲಿಲ್ಲ' ಅಂದ. ಹೋದ ಸೆಷನ್‌ವರೆಗೂ ಎಲ್ಲರಿಗಿಂತ ಮೊದಲು ಹುಟ್ಟಿದವರು ನಾವೇ ಅಂತ ಜಂಬ ಕೊಚ್ಚಿದ್ದು ಇದೇ ಎಲ್ಫ್.