ಪಾಲಿಗೆ ಬಂದ ಎಸ್

ಇಂಗ್ಲಿಷಿನ ಕ್ರಿಯಾಪದದಷ್ಟು ಸೋಮಾರಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾನು ಬಂದರೂ ‘ಕಮ್’, ನೀನು ಬಂದರೂ ‘ಕಮ್’, ನಾವೆಲ್ಲ ದಿಬ್ಬಣ ಕಟ್ಟಿಕೊಂಡು ಬಂದರೂ ‘ಕಮ್’. ಅವನೊಬ್ಬ ಬರುವಾಗ ಮಾತ್ರ ದಡಬಡಿಸಿ ಎದ್ದು, ಬಾಲಕ್ಕೊಂದು ಎಸ್ ಸಿಕ್ಕಿಸಿಕೊಂಡು ‘ಕಮ್ಸ್’ ಎನ್ನುತ್ತದೆ. ಅದೂ ವರ್ತಮಾನ ಕಾಲದಲ್ಲಿ ಮಾತ್ರ. ಇಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಆದರೆ ಅದೇ ಎಸ್ ನಾಮಪದಕ್ಕೆ ಅಂಟಿದರೆ ಬಹುವಚನ, ಕ್ರಿಯಾಪದಕ್ಕೆ ಅಂಟಿದರೆ ಏಕವಚನ. ‘ಬಾಯ್ ಕಮ್ಸ್’ ಎಂದರೆ ಒಬ್ಬ, ‘ಬಾಯ್ಸ್ ಕಮ್’ ಎಂದರೆ ಹಲವರು. ಇರುವ ಒಂದೇ ಎಸ್ಸನ್ನು ಈ ಮನೆಯಿಂದ ಆ ಮನೆಗೆ ಸಾಗಿಸಿ ಸಂಸಾರ ತೂಗಿಸುವ ಭಾಷೆ ಅದು.

ಶಿರಸಿಯ ಕಚೇರಿಯೊಂದರಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ನನ್ನನ್ನು ನೆಂಟರಿಷ್ಟರು ಇಂಗ್ಲಿಷಿನ ತಹಶೀಲ್ದಾರನೆಂದೇ ತಿಳಿದಿದ್ದಾರೆ. ಹಾಗಾಗಿ ಯಲ್ಲಾಪುರ ರಸ್ತೆಯಿಂದ ಒಳಗಿರುವ ಅಕ್ಕನ ಮನೆಯಲ್ಲಿ ಹೋಂ ಸ್ಟೇ ಶುರುವಾದಾಗ, ಬೋರ್ಡಿನ ಮಜಕೂರು ತಿದ್ದಲು ನನಗೇ ಕರೆ ಬಂತು. ಮಳೆಗಾಲದ ಕೊಳೆ ರೋಗಕ್ಕೆ ಅಡಿಕೆ ಉದುರಿದ್ದನ್ನು ನೋಡಿ ನೋಡಿ ಬೇಸತ್ತ ಭಾವ, ಅಟ್ಟದ ಪಕ್ಕದ ಎರಡು ಕೋಣೆಗಳಿಗೆ ಸುಣ್ಣ ಬಳಿಸಿ ಪ್ರವಾಸಿಗರ ದಾರಿ ಕಾಯತೊಡಗಿದ್ದರು. ಹೋಂ ಸ್ಟೇ ಎಂಬ ಹೆಸರು ಕೇಳಿ ಅವರ ತಾಯಿ, ನಾನು ಅತ್ತೆ ಎಂದು ಕರೆಯುವವರು, ಮೊದಲು ಹೌಹಾರಿದ್ದರಂತೆ. “ಮನೆಗೆ ಸ್ಟೇ ತಂದವರು ಯಾರು?” ಹಿಂದೊಮ್ಮೆ ತೋಟದ ಗಡಿಯ ವ್ಯಾಜ್ಯ ಕೋರ್ಟು ಹತ್ತಿ ವರ್ಷಗಟ್ಟಲೆ ಎಳೆದಿತ್ತು. ಅವರಿಗೆ ಗೊತ್ತಿರುವ ಇಂಗ್ಲಿಷೆಲ್ಲ ವಕೀಲರ ಜಗಲಿಯಲ್ಲಿ ಕಲಿತದ್ದು.

ಭಾವ ಬರೆದಿಟ್ಟ ಕರಡು ಹೀಗಿತ್ತು: ‘ಟೂ ರೂಮ್ಸ್ ಆರ್ ದೇರ್. ಹಾಟ್ ವಾಟರ್ ಆರ್ ದೇರ್. ಸಹಸ್ರಲಿಂಗ ಆರ್ ನಿಯರ್.’

“ಭಾವ, ನೀರಿಗೆ ‘ಈಸ್’ ಹಾಕಬೇಕು,” ಎಂದೆ.

“ಬಂದ ಅತಿಥಿಗೆ ಕೊಡುವ ನೀರು ಭಾವ, ಏಕವಚನದಲ್ಲಿ ಹೇಳಿದರೆ ಚೆನ್ನಾಗಿರುತ್ತದೆಯೇ? ಸಹಸ್ರಲಿಂಗವಂತೂ ದೇವರು. ಅದೂ ಸಾವಿರ!”

ನಮ್ಮ ಕಡೆ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ಆದ್ದರಿಂದ ಇಬ್ಬರು ಭಾವಂದಿರ ವಾದದಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆಂದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ನಾನು ಹೇಳಿದೆ: ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಎಷ್ಟು ಲಿಂಗಗಳಿದ್ದರೂ ಊರಿನ ಹೆಸರು ಒಂದೇ. ಅಷ್ಟೊಂದು ರಾಜ್ಯಗಳನ್ನು ಕಟ್ಟಿಕೊಂಡಿರುವ ಯುನೈಟೆಡ್ ಸ್ಟೇಟ್ಸ್ ಕೂಡ ಇವತ್ತು ‘ಈಸ್’ ಎಂದೇ ಕರೆಸಿಕೊಳ್ಳುತ್ತದೆ. ಇನ್ನು ಇಂಗ್ಲಿಷಿನಲ್ಲಿ ಗೌರವದ ಬಹುವಚನ ಉಳಿದಿರುವುದು ‘ಯು ಆರ್’ ಒಂದರಲ್ಲೇ. ಅವರಲ್ಲೂ ‘ನೀನು’ ಎನ್ನಲು ‘ದೌ’ ಎಂಬ ಪದವಿತ್ತು, ಅದಕ್ಕೆ ‘ಆರ್ಟ್’ ಎಂಬ ಬೇರೆಯದೇ ಕ್ರಿಯಾಪದವಿತ್ತು. ದೊಡ್ಡವರಿಗೆ ‘ಯು’ ಎನ್ನುತ್ತಾ ಎನ್ನುತ್ತಾ ಕೊನೆಗೆ ಎಲ್ಲರಿಗೂ ಅದನ್ನೇ ಹಂಚಿಬಿಟ್ಟರು. ಈಗ ಅರಸನಿಗೂ ‘ಯು ಆರ್’, ಅವನ ನಾಯಿಗೂ ‘ಯು ಆರ್’.

ಭಾವ ಒಪ್ಪಲಿಲ್ಲ. ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೆಲ್ಲ ನಪುಂಸಕಲಿಂಗದ ಕ್ರಿಯಾಪದವೇ ಸಲ್ಲುತ್ತದೆ. ಹೆತ್ತ ತಾಯಿಯನ್ನು ‘ಆಯಿ ಬಂತು’ ಎನ್ನುವ ಮನುಷ್ಯ ಹಂಡೆಯ ಬಿಸಿನೀರಿಗೆ ಬಹುವಚನ ಬೇಕೆಂದು ಹಟ ಹಿಡಿದಿದ್ದರು!

ಹಾಗೆ ನೋಡಿದರೆ ನಾವು ಕನ್ನಡದವರು ಬಂದನು, ಬಂದಳು, ಬಂದಿತು, ಬಂದರು, ಬಂದವು ಎಂದು ಇಷ್ಟುದ್ದದ ಲೆಕ್ಕವನ್ನು ನಿದ್ದೆಗಣ್ಣಿನಲ್ಲೂ ತಪ್ಪದೆ ಒಪ್ಪಿಸುತ್ತೇವೆ. ಬರಲಿಲ್ಲ ಎನ್ನುವಾಗ ಮಾತ್ರ ಅಷ್ಟೂ ಪ್ರತ್ಯಯಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆಯುತ್ತೇವೆ. ನಾನು, ಅವಳು, ಅವರು, ಕರೆಂಟು, ಬಸ್ಸು, ಯಾರು ಬಾರದಿದ್ದರೂ ‘ಬರಲಿಲ್ಲ’ ಒಂದೇ. ನನ್ನ ಕಚೇರಿಯಲ್ಲಿ ಕಾರವಾರದ ಕೊಂಕಣಿ ಮಾತಿನವರೊಬ್ಬರಿದ್ದಾರೆ. ಅವರ ಭಾಷೆಯಲ್ಲಿ ಭೂತಕಾಲದ ‘ತಿಂದೆ’ ಎಂಬುದು ತಿಂದವನ ಮುಖ ನೋಡುವುದೇ ಇಲ್ಲ, ತಿಂದ ವಸ್ತುವಿನ ಲಿಂಗ ವಚನಗಳನ್ನು ನೋಡುತ್ತದೆ. ಮೀನು ತಿಂದವರು ಇವರು, ಕ್ರಿಯಾಪದ ಮಾತ್ರ ಮೀನಿನ ಕಡೆಗೆ. ಇಷ್ಟೆಲ್ಲ ಸಂಭಾಳಿಸುವ ಜನ ಇಂಗ್ಲಿಷಿನ ಒಂದು ಎಸ್ ಎದುರಾದರೆ ಬೆವರುತ್ತೇವೆ.

ಪಂಚಾಯಿತಿಗೆ ಪಕ್ಕದ ಮನೆಯ ನಿವೃತ್ತ ಮಾಸ್ತರರನ್ನು ಕರೆಸಿದ್ದಾಯಿತು. ಅವರು ಕವಳದ ತಟ್ಟೆ ಎಳೆದುಕೊಂಡು, ಅಡಕತ್ತರಿಯ ಬಾಯಿಗೆ ಅಡಿಕೆ ಕೊಟ್ಟು ಪಾಠ ಶುರುಮಾಡಿದರು. “ಒನ್ ಆಫ್ ದ ರೂಮ್ಸ್. ‘ಆಫ್’ ಬಂದಲ್ಲಿ ಕತ್ತರಿಸು.” ಕಟಕ್ಕನೆ ಅಡಿಕೆ ಎರಡಾಯಿತು. “ಉಳಿದದ್ದು ಒನ್. ಆದ್ದರಿಂದ ಈಸ್.” ಆಮೇಲೆ ಅಡಕತ್ತರಿಯನ್ನೇ ಎತ್ತಿ ಹಿಡಿದು ತೆರೆದು ಮುಚ್ಚಿ ತೋರಿಸಿದರು. “ಕತ್ತರಿಗೆ ಎರಡು ಅಲಗು, ಸಿಸರ್ಸ್ ಆರ್. ಪ್ಯಾಂಟಿಗೆ ಎರಡು ಕಾಲು, ಟ್ರೌಸರ್ಸ್ ಆರ್.”

“ಅಂಗಿಗೂ ಎರಡು ತೋಳಿದೆಯಲ್ಲ?” ಒಳಗಿನಿಂದ ಅತ್ತೆ ಕೇಳಿದರು.

ಮಾಸ್ತರರು ಕವಳ ಉಗುಳಲು ಎದ್ದು ಅಂಗಳಕ್ಕೆ ಹೋದರು. ಅಂಗಿಗೆ ‘ಈಸ್’ ಏಕೆಂದು ಇವತ್ತಿನವರೆಗೂ ಹೇಳಿಲ್ಲ.

ಅಂತೂ ಬೋರ್ಡು ತಯಾರಾಯಿತು. ಅಡಿಯಲ್ಲಿ ದೊಡ್ಡದಾಗಿ ‘ಅವರ್ ಫ್ಯಾಮಿಲಿ ವೆಲ್ಕಮ್ಸ್ ಯು’ ಎಂದು ಬರೆಯಿಸಬೇಕೆಂದು ನಾನೇ ಬರೆದುಕೊಟ್ಟಿದ್ದೆ. ಪೇಂಟರ್ ಬಿಡಿಸಿದ ದಾಸವಾಳ ತುಸು ಹೆಚ್ಚು ಅರಳಿ ಸಾಲಿನ ಜಾಗ ತಿಂದಿತ್ತು. ಅವನು ಎಸ್ ಕೈಬಿಟ್ಟಿದ್ದ. “ಒಂದು ಅಕ್ಷರಕ್ಕೆ ಏನಾಗುತ್ತದೆ ಮಾರಾಯರೇ, ಅರ್ಥವಾಗುತ್ತದಲ್ಲ?” ಎಂದ.

ಅರ್ಥವಾದದ್ದೇ ತೊಂದರೆಯಾಯಿತು. ಚೌತಿಗೆ ಬೆಂಗಳೂರಿನಿಂದ ಬಂದ ಭಾವನ ತಮ್ಮ ಬೋರ್ಡು ನೋಡಿ, ಎಸ್ ಇಲ್ಲದಿದ್ದರೂ ಸರಿಯೇ ಎಂದು ಮಾಸ್ತರರನ್ನು ಕೇಳಿದ. ಸುಮ್ಮನೆ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮಾಸ್ತರರಿಗೆ ಅರ್ಧ ಉತ್ತರ ಕೊಟ್ಟು ಅಭ್ಯಾಸವಿಲ್ಲ. “ಅಮೆರಿಕದವರು ಫ್ಯಾಮಿಲಿಗೆ ಸಾಮಾನ್ಯವಾಗಿ ಏಕವಚನವನ್ನೇ ಹಾಕುತ್ತಾರೆ. ಬ್ರಿಟಿಷರಲ್ಲಿ ಎರಡೂ ಉಂಟು. ಇಡೀ ಮನೆ ಒಂದೇ ಎಂದಾದರೆ ‘ವೆಲ್ಕಮ್ಸ್’. ಒಳಗಿರುವವರು ಬೇರೆ ಬೇರೆ ಎಂದಾದರೆ ‘ವೆಲ್ಕಮ್’. ನಮ್ಮ ಲೆಕ್ಕದಲ್ಲಿ, ಪಾಲಾಗುವ ಮೊದಲು ಎಸ್ ಇರುತ್ತದೆ, ಪಾಲಾದ ಮೇಲೆ ಹೋಗುತ್ತದೆ.”

ಚಕ್ಕುಲಿ ಮುರಿಯುತ್ತಿದ್ದ ತಮ್ಮನ ಕೈ ಅಲ್ಲೇ ನಿಂತಿತು. “ಅಂದರೆ ಅಣ್ಣ ನನ್ನನ್ನು ಕೇಳದೆ ಪಾಲು ಮಾಡಿ, ರಸ್ತೆಯಲ್ಲಿ ಬೋರ್ಡೂ ಹಾಕಿಸಿದ!”

ಭಾವ ಗಾಬರಿಯಾಗಿ ಮರುದಿನವೇ ಪೇಂಟರನನ್ನು ಹಿಡಿದು ತಂದರು. ದಾಸವಾಳದ ಒಂದು ಎಸಳು ಅಳಿಸಿ, ಆ ಸಂದಿಯಲ್ಲಿ ಪುಟ್ಟದೊಂದು ಎಸ್ ತುರುಕಲಾಯಿತು. ತಮ್ಮ ತೃಪ್ತಿಯಿಂದ ತಲೆಯಾಡಿಸಿದ. “ಮನೆ ಒಂದೇ ಎಂದಾಯಿತಲ್ಲ ಅಣ್ಣ. ಹಾಗಾದರೆ ಹೋಂ ಸ್ಟೇ ಆದಾಯದಲ್ಲಿ ನನಗೆ ಬರಬೇಕಾದ್ದೆಷ್ಟು?”

ಆ ರಾತ್ರಿ ಭಾವ ನನಗೆ ಫೋನ್ ಮಾಡಿದರು. ದನಿ ಬಹಳ ತಗ್ಗಿತ್ತು. “ಎಸ್ ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ. ಎರಡರ ತಂಟೆಯೂ ಬೇಡದ ದಾರಿ ಇದೆಯೇ?”

ಇತ್ತು. ಕ್ಯಾನ್, ಮೇ, ವಿಲ್ ಮುಂತಾದ ಸಹಾಯಕ ಕ್ರಿಯಾಪದಗಳು ಕರ್ತೃ ಒಬ್ಬನೋ ಹಲವರೋ ಎಂದು ನೋಡುವುದಿಲ್ಲ. ತಾವೂ ಎಸ್ ಹಚ್ಚಿಕೊಳ್ಳುವುದಿಲ್ಲ, ಮುಂದಿನ ಪದಕ್ಕೂ ಹಚ್ಚಲು ಬಿಡುವುದಿಲ್ಲ. ದಾಸವಾಳವನ್ನು ಪೂರ್ತಿ ಕೆರೆಸಿ, ‘ಅವರ್ ಫ್ಯಾಮಿಲಿ ವಿಲ್ ವೆಲ್ಕಮ್ ಯು’ ಎಂದು ಬರೆಯಿಸಿದೆವು. ಅಣ್ಣನಿಗೂ ಆಕ್ಷೇಪವಿರಲಿಲ್ಲ, ತಮ್ಮನಿಗೂ ಇರಲಿಲ್ಲ.

ಬೆಂಗಳೂರಿಗೆ ಹೊರಟ ತಮ್ಮ ದಣಪೆಯ ಬಳಿ ನಿಂತು, ಬೋರ್ಡನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದ. ಮೂರನೆಯ ಪದಕ್ಕೇ ಅತ್ತೆ ಕೈಯಲ್ಲಿದ್ದ ಹಿಡಿಸೂಡಿಯನ್ನು ನೆಲಕ್ಕೆ ಕುಟ್ಟಿದರು.

“ವಿಲ್ಲೂ ಬರೆದು ಆಯಿತೇ? ನಾನಿನ್ನೂ ಬದುಕಿದ್ದೇನೆ!”