ಊಟಕ್ಕೆ ಕೂತರೆ ಎದುರಿನವರ ಮಾತು ಕೇಳಿಸಬೇಕು

ಬೆಂಗಳೂರಿನ ಇಂದಿರಾನಗರದ ಪಬ್, ರೆಸ್ಟೋರೆಂಟ್‌ನವರಿಗೆ ನನ್ನದು ಒಂದೇ ಬೇಡಿಕೆ. ದಯವಿಟ್ಟು ಹಾಡಿನ ಸದ್ದು ಕಡಿಮೆ ಮಾಡಿ.

ನಾನು ಪಬ್‌ಗಳ ವಿರೋಧಿ ಅಲ್ಲ. ಸಂಜೆ ಮೆಟ್ರೋ ಇಳಿದು, ಸಿಎಂಎಚ್ ರೋಡ್ ದಾಟಿ, 100 ಅಡಿ ರಸ್ತೆಗೆ ಬಂದು, ಹಾಗೇ 12ನೇ ಮೇನ್ ಕಡೆ ನಡೆಯುವುದು ನನಗೆ ತುಂಬ ಇಷ್ಟ. ಒಂದು ಕಡೆ ತುಪ್ಪದ ದೋಸೆಗೆ ಜನ ಫುಟ್‌ಪಾತಿನ ಮೇಲೆ ನಿಂತಿರುತ್ತಾರೆ. ಇನ್ನೊಂದು ಕಡೆ ಅಲ್ಲೇ ತಯಾರಾದ ಬಿಯರ್ ಸಿಗುತ್ತದೆ. ಮಧ್ಯದಲ್ಲಿ ಆಂಧ್ರ ಊಟ, ಬಿರಿಯಾನಿ, ಮೊಮೊ, ಐಸ್‌ಕ್ರೀಂ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಬಗೆಯ ಊಟ ಸಿಗುವ ಬಡಾವಣೆ ಬೆಂಗಳೂರಿನಲ್ಲಿ ಜಾಸ್ತಿ ಇಲ್ಲ. ಹೆಣ್ಣುಮಕ್ಕಳು ತಾವೇ ಗುಂಪು ಕಟ್ಟಿಕೊಂಡು ಬಂದು ರಾತ್ರಿ ಹನ್ನೊಂದರವರೆಗೂ ನಿರಾಳವಾಗಿ ಕೂತು ನಗುತ್ತಿರುತ್ತಾರೆ. ಅದನ್ನು ನೋಡುವುದೇ ಒಂದು ಖುಷಿ.

ಆದರೆ ಒಳಗೆ ಹೋಗಿ ಕೂತ ಮೇಲೆ ಮಾತಾಡಲು ಆಗುವುದಿಲ್ಲ. ಎಂಟು ಗಂಟೆಗೆ ಹಾಡು ಹಿತವಾಗಿರುತ್ತದೆ. ಒಂಬತ್ತಕ್ಕೆ ಏರಿಸುತ್ತಾರೆ. ಹತ್ತಕ್ಕೆ ಎದುರಿಗೆ ಕೂತವರ ತುಟಿ ನೋಡಿ ಮಾತು ಊಹಿಸಬೇಕು. ಮಿತ್ರರು, ಮನೆಯವರು ಎಲ್ಲ ಸೇರಿ ಹೊರಗೆ ಊಟಕ್ಕೆ ಹೋಗುವುದು ಯಾಕೆ? ಊಟ ಮನೆಗೇ ಬರುತ್ತದೆ, ಫೋನಿನಲ್ಲಿ ಒತ್ತಿದರೆ ಸಾಕು. ನಾವು ಹೋಗುವುದು ಒಟ್ಟಿಗೆ ಕೂರಲು, ಮಾತಾಡಲು.

ಹೋದ ವರ್ಷ ನನ್ನ ಸೋದರಮಾವ ಶಿವಮೊಗ್ಗದಿಂದ ಬಂದಿದ್ದರು. ಅವರು ಕಿವಿಗೆ ಯಂತ್ರ ಹಾಕುತ್ತಾರೆ. ಒಳ್ಳೆಯ ಊಟ ಕೊಡಿಸೋಣ ಅಂತ ಮೊದಲ ಮಹಡಿಯ ಒಂದು ಜಾಗಕ್ಕೆ ಕರೆದುಕೊಂಡು ಹೋದೆವು. ಇಂಥ ಯಂತ್ರ ಮಾತಿನ ಜೊತೆ ಸುತ್ತಲಿನ ಗದ್ದಲವನ್ನೂ ಎತ್ತಿ ಕಿವಿಗೆ ತುಂಬುತ್ತದೆ. ಸ್ವಲ್ಪ ಹೊತ್ತಿಗೆ ಅವರು ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಊಟ ಮುಗಿಯುವವರೆಗೂ ಸುಮ್ಮನೆ ಕೂತಿದ್ದರು. ನನ್ನ ತಂಗಿ ಎದ್ದು ಹೋಗಿ ಮ್ಯಾನೇಜರ್ ಹತ್ತಿರ ಕೇಳಿದಳು. 'ಮೇಡಂ, ಉಳಿದ ಕಸ್ಟಮರ್‌ಗಳಿಗೆ ಇದೇ ಬೇಕು' ಅಂದರು. ಉಳಿದವರನ್ನು ಯಾರಾದರೂ ಕೇಳಿದ್ದಾರಾ? ಸುತ್ತ ಎಲ್ಲ ಟೇಬಲ್‌ಗಳಲ್ಲೂ ಜನ ಮುಂದಕ್ಕೆ ಬಾಗಿ, ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಕೂಗುತ್ತಿದ್ದರು.

ಹೀಗೆ ಕೂಗುವುದಕ್ಕೆ ಕಾರಣ ಇದೆ. ಸುತ್ತ ಸದ್ದು ಏರಿದಂತೆ ನಮ್ಮ ದನಿಯೂ ತಾನಾಗಿ ಏರುತ್ತದೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ಡ್ ಇದನ್ನು 1911ರಲ್ಲೇ ಬರೆದಿಟ್ಟಿದ್ದಾರೆ. ಒಂದು ಟೇಬಲ್ ದನಿ ಏರಿಸಿದರೆ ಪಕ್ಕದ ಟೇಬಲ್ ಇನ್ನೂ ಏರಿಸುತ್ತದೆ. ಜನರ ಗಲಾಟೆಯಲ್ಲಿ ಹಾಡು ಕೇಳಿಸುತ್ತಿಲ್ಲ ಅಂತ ಡಿಜೆ ಮತ್ತೆ ಏರಿಸುತ್ತಾರೆ. ಇದರ ಮೇಲೆ ಈಗಿನ ಒಳಾಂಗಣದ ಫ್ಯಾಷನ್ ಬೇರೆ. ಸಿಮೆಂಟ್ ನೆಲ, ಬರಿ ಇಟ್ಟಿಗೆ ಗೋಡೆ, ದೊಡ್ಡ ಗಾಜು, ಪೈಪ್ ಕಾಣುವ ಚಾವಣಿ. ನೋಡಲು ಚಂದ. ಆದರೆ ಸದ್ದು ಹೀರಿಕೊಳ್ಳುವಂಥದ್ದು ಒಂದೂ ಇಲ್ಲ. ಎಲ್ಲ ತಿರುಗಿ ನಮ್ಮ ಮೇಲೇ ಬೀಳುತ್ತದೆ.

ನಾವಾದರೂ ಎರಡು ಗಂಟೆ ಕೂತು ಎದ್ದು ಬರುತ್ತೇವೆ. ನನಗೆ ಹೆಚ್ಚು ಸಂಕಟ ಆಗುವುದು ಅಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರನ್ನು ನೋಡಿದಾಗ. ಕೆಲಸದ ಜಾಗದ ಸುರಕ್ಷತೆ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ ಒಂದು ಲೆಕ್ಕ ಕೊಟ್ಟಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಹೆಚ್ಚೆಂದರೆ 8 ಗಂಟೆ ಇರಬಹುದು. 3 ಡೆಸಿಬೆಲ್ ಏರಿದಾಗಲೆಲ್ಲ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ಶನಿವಾರ ರಾತ್ರಿ ಸ್ಪೀಕರ್ ಪಕ್ಕದ ಬಾರ್ ಕೌಂಟರ್‌ನಲ್ಲಿ ನಿಂತ ಹುಡುಗನ ಪಾಡು ಏನು? ಈ ಹಾನಿ ನಿಧಾನವಾಗಿ ಆಗುತ್ತದೆ, ನೋವು ಗೊತ್ತಾಗುವುದಿಲ್ಲ. ಒಳಕಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಸ್ಸಾಮಿನಿಂದಲೋ ಕುಂದಾಪುರದಿಂದಲೋ ದುಡಿಯಲು ಬಂದ ಇಪ್ಪತ್ತೆರಡರ ಹುಡುಗನಿಗೆ ಇದನ್ನು ಯಾರಾದರೂ ಹೇಳಿರುತ್ತಾರಾ? ಕಾರ್ಖಾನೆಯಲ್ಲಿ ಇಷ್ಟು ಸದ್ದಿದ್ದರೆ ಕಿವಿಗೆ ರಕ್ಷಣೆ ಕೊಡಿ ಅಂತ ಕೇಳುತ್ತೇವೆ. ಪಬ್ ಆದರೆ ಯಾಕೆ ಕೇಳುವುದಿಲ್ಲ?

ಇನ್ನು ಪಕ್ಕದ ಮನೆಯವರು. ಇದು ಮನೆಗಳಿಗಾಗಿಯೇ ಮಾಡಿದ ಬಡಾವಣೆ. ಇಲ್ಲಿನ ಡಿಫೆನ್ಸ್ ಕಾಲೊನಿಯಲ್ಲಿ ಸೇನೆಯಿಂದ ನಿವೃತ್ತರಾದವರು ಈಗಲೂ ಇದ್ದಾರೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಮಿತಿ. ವಾಣಿಜ್ಯ ಪ್ರದೇಶಕ್ಕೂ ರಾತ್ರಿ 55 ಅಷ್ಟೇ. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ತೆರೆದ ಟೆರೇಸ್ ಮೇಲೆ ಸ್ಪೀಕರ್ ಹಾಕುವಂತಿಲ್ಲ. ಬಾರ್‌ಗಳಿಗೆ ರಾತ್ರಿ ಒಂದರವರೆಗೆ ಅನುಮತಿ ಇರುವುದು ನಿಜ. ಅದು ಊಟ, ಪಾನೀಯ ಕೊಡುವುದಕ್ಕೆ. ಬೀದಿಯನ್ನೆಲ್ಲ ನಡುಗಿಸುವುದಕ್ಕೆ ಅಲ್ಲ. ಹಾಡಿನ ಬೇಸ್, ಅಂದರೆ ದಂ ದಂ ಅನ್ನುವ ತಗ್ಗು ಸದ್ದು ಇದೆಯಲ್ಲ, ಅದನ್ನು ಸಾಮಾನ್ಯ ಗೋಡೆ ತಡೆಯುವುದಿಲ್ಲ. ಪದ ಒಂದೂ ಕೇಳಿಸದಿದ್ದರೂ ಕಿಟಕಿಯ ಗಾಜು ಅದುರುತ್ತಿರುತ್ತದೆ. ಮರುದಿನ ಪರೀಕ್ಷೆ ಇರುವ ಮಗು, ಹಾಸಿಗೆ ಹಿಡಿದ ಅಜ್ಜಿ ಇರುವ ಮನೆ ಅದು. ಅವರು 112ಕ್ಕೆ ಫೋನ್ ಮಾಡಿದರೆ 'ಮಜಾ ಮಾಡುವವರನ್ನು ಕಂಡರೆ ಹೊಟ್ಟೆಕಿಚ್ಚು' ಅಂತ ಹಂಗಿಸುವವರಿದ್ದಾರೆ. ಅದು ತಪ್ಪು.

ಜೋರು ಹಾಡಿಲ್ಲದಿದ್ದರೆ ವ್ಯಾಪಾರ ಆಗಲ್ಲ ಅನ್ನುವ ಮಾಲೀಕರು ಒಮ್ಮೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ರೆಸ್ಟೋರೆಂಟ್‌ಗೆ ಹೋಗಿ ಕೂರಲಿ. ಅಲ್ಲಿ ಬಿಯರೂ ಇದೆ, ಕಟ್ಲೆಟ್ಟೂ ಇದೆ, ಗದ್ದಲವೂ ಇದೆ. ಆದರೆ ಅದು ಜನರ ಮಾತಿನ ಗದ್ದಲ. ಎಂ.ಜಿ. ರಸ್ತೆಯಿಂದ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಬಂದ ಇಂಡಿಯನ್ ಕಾಫಿ ಹೌಸ್ ಕೂಡ ಅಂಥದ್ದೇ. ಎರಡೂ ಕಡೆ ಜನ ಮಾತಾಡುವುದಕ್ಕೆಂದೇ ಬರುತ್ತಾರೆ.

ಹಾಡೇ ಬೇಡ ಅಂತ ನಾನು ಹೇಳುತ್ತಿಲ್ಲ. ಕುಣಿಯುವವರಿಗೆ ಬಾಗಿಲು ಮುಚ್ಚಿದ, ಸದ್ದು ಹೊರಗೆ ಹೋಗದ ಕೋಣೆ ಇರಲಿ. ಊಟದ ಜಾಗದಲ್ಲಿ ಎರಡು ದೊಡ್ಡ ಸ್ಪೀಕರ್ ಬದಲು ಸಣ್ಣ ಸಣ್ಣವು ಹಲವು ಹಾಕಿ, ಸದ್ದು ತಗ್ಗಿಸಿ. ಚಾವಣಿಗೆ ಸದ್ದು ಹೀರುವ ಹಲಗೆ, ಕಿಟಕಿಗೆ ದಪ್ಪ ಪರದೆ ಹಾಕಿಸಿ. ಒಳಾಂಗಣಕ್ಕೆ ಲಕ್ಷಗಟ್ಟಲೆ ಸುರಿಯುವವರಿಗೆ ಇದು ದೊಡ್ಡ ಖರ್ಚಲ್ಲ.

ನಾವೂ ಬಾಯಿ ಬಿಟ್ಟು ಕೇಳಬೇಕು. ಟೇಬಲ್ ಬುಕ್ ಮಾಡುವಾಗಲೇ 'ಮಾತಾಡೋಕಾಗುತ್ತಾ?' ಅಂತ ಕೇಳಿ. ಆಗಲ್ಲ ಅಂದರೆ ಬೇರೆ ಕಡೆ ಹೋಗಿ, ಯಾಕೆ ಹೋಗುತ್ತಿದ್ದೇವೆ ಅಂತಲೂ ಹೇಳಿ. ಮಾತಾಡುತ್ತಾ ಕೂರಬಹುದಾದ ಬಾರ್, ರೆಸ್ಟೋರೆಂಟ್ ನಿಮಗೆ ಗೊತ್ತಿದ್ದರೆ ಹೆಸರು ಇಲ್ಲೇ ಕೆಳಗೆ ಬರೆಯಿರಿ. ಯಾವ ಬಡಾವಣೆಯದಾದರೂ ಸರಿ. ನಾನು ಹೋಗಿ ಬರುತ್ತೇನೆ.